ಒದರಿ ಹೇಳುವಂಥ ಮಾತಲ್ಲ

ನಮ್ಮ ಮನೆಯವರದು ಬೈಲಹೊಂಗಲದ ಬಜಾರಿನಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ. ನಾನು ಮದುವೆಯಾಗಿ ಬಂದಾಗ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮಾರುತ್ತಿದ್ದರು. ಕೆಟ್ಟರೆ ತಾವೇ ಬಿಚ್ಚಿ ರಿಪೇರಿ ಮಾಡಿಕೊಡುತ್ತಿದ್ದರು. ಈಗ ಬಿಚ್ಚುವಂಥ ಸಾಮಾನೇ ಬರುವುದಿಲ್ಲ. ಬರುವುದೆಲ್ಲ ಅಂಗೈಯಗಲದ್ದು, ಬಿಳಿ ಡಬ್ಬಿಯಲ್ಲಿ ಮಲಗಿರುತ್ತದೆ, ಅದನ್ನು ಯಾತಕ್ಕೆ ಬಳಸಬೇಕೆಂದು ಮೊದಲು ಅಂಗಡಿಯವರೇ ಕಲಿಯಬೇಕು. ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿ ಏನು ತೋರಿಸಿದರೂ ಇವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಕೊರಳಿಗೆ ಹಾಕಿಕೊಳ್ಳುವ ಫ್ಯಾನು, ಚಪ್ಪಾಳೆ ತಟ್ಟಿದರೆ ಹೊತ್ತುವ ದೀಪ, ಮೊಣಕಾಲು ತಿಕ್ಕುವ ಯಂತ್ರ, ಎಲ್ಲವೂ ಬಂದವು. ಹೋದದ್ದು ಕಡಿಮೆ.

ಅಂಗಡಿಯಲ್ಲಿ ಹೋಗದೆ ಉಳಿದದ್ದು ಮನೆಗೆ ಬರುತ್ತದೆ. “ಬಳಸಿ ನೋಡು, ಗಿರಾಕಿಗೆ ಹೇಳಾಕ ಬರತೈತಿ” ಎನ್ನುತ್ತಾರೆ. ಹೀಗೆ ನಾನು ಸಂಬಳವಿಲ್ಲದ ಪರೀಕ್ಷಾಧಿಕಾರಿಯಾಗಿ ಬಹಳ ವರ್ಷ ಕಳೆದಿದ್ದೇನೆ. ಹೆಜ್ಜೆ ಎಣಿಸುವ ವಾಚು ಕಟ್ಟಿಕೊಂಡು ಒಲೆಯ ಮುಂದೆ ಕೂತು ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದೆ. ಎದ್ದು ನೋಡಿದರೆ ನಾನು ಕಿತ್ತೂರಿನ ಅರ್ಧ ದಾರಿ ನಡೆದಿದ್ದೇನೆಂದು ಅದು ಅಭಿನಂದನೆ ಹೇಳುತ್ತಿತ್ತು. ಇಂಥ ವಾಚಿನ ಗುಣಗಾನವನ್ನು ಗಿರಾಕಿಗಳ ಮುಂದೆ ಹೇಗೆ ಮಾಡುವುದು ಎಂದು ಕೇಳಿದೆ. “ಹಂಗಾರ ಹೆಣ್ಮಕ್ಕಳಿಗೆ ಮಾರೂಣು, ಖುಷಿ ಆಗ್ತಾರ” ಎಂದರು. ಅವರ ವ್ಯಾಪಾರದ ಬುದ್ಧಿ ಅಷ್ಟು.

ಈಗ ಹೇಳಬೇಕಾದದ್ದು ವಾಚಿನ ಮಾತಲ್ಲ, ನಮ್ಮ ಅತ್ತೆಯ ಮಾತು.

ಅತ್ತೆಗೆ ಕಿವಿ ಮಂದವಾಗಿ ಕೆಲವು ವರ್ಷಗಳಾದವು. ಒಮ್ಮೆಲೇ ಆದದ್ದಲ್ಲ. ಮೊದಲು ಫೋನಿನ ಗಂಟೆ ಕೇಳಿಸದಾಯಿತು, ಆಮೇಲೆ ಬಾಗಿಲು ಬಡಿದದ್ದು, ಆಮೇಲೆ ನಾವು. ಮನೆಯವರೆಲ್ಲ ತಿಳಿಯದಂತೆ ದನಿ ಏರಿಸುತ್ತಾ ಹೋದೆವು. ಕೊನೆಗೆ ನಮ್ಮ ಮನೆಯಲ್ಲಿ ಮಾತು ಎಂದರೆ ಒದರುವುದೇ ಆಯಿತು. “ಅತ್ತೀ, ಊಟಾ ಮಾಡಬರ್ರೀ” ಎಂದು ನಾನು ಅಡುಗೆಮನೆಯಿಂದ ಕೂಗಿದರೆ ಓಣಿಯ ಕೊನೆಯ ಮನೆಯವರಿಗೆ ನಮ್ಮ ಊಟದ ಹೊತ್ತು ತಿಳಿಯುತ್ತಿತ್ತು. ಅತ್ತೆಯೂ ಅಷ್ಟೇ ದೊಡ್ಡ ದನಿಯಲ್ಲಿ ಉತ್ತರ ಕೊಡುತ್ತಿದ್ದರು. ಅವರ ಹೊಟ್ಟೆ ಹೇಗಿದೆ, ಯಾವ ಗುಳಿಗೆ ನುಂಗಿದರು, ಯಾವ ಬೀಗರ ಮೇಲೆ ಅವರಿಗೆ ಸಿಟ್ಟಿದೆ, ಎಲ್ಲವೂ ಸಾರ್ವಜನಿಕವಾಗಿತ್ತು.

ಒದರುವ ಮನೆಯಲ್ಲಿ ಮಾತು ತಾನಾಗಿ ಕಡಿಮೆಯಾಗುತ್ತದೆ. ಯಾರೂ ಹಾಗೆ ನಿರ್ಧಾರ ಮಾಡಿದ್ದಲ್ಲ. ಒಂದು ಸಣ್ಣ ಚೇಷ್ಟೆಯನ್ನು ಗಂಟಲು ಹರಿದುಕೊಂಡು ಹೇಳಿದರೆ ಅದು ಚೇಷ್ಟೆಯಾಗಿ ಉಳಿಯುವುದಿಲ್ಲ. ಆದ್ದರಿಂದ ನಮ್ಮ ನಡುವೆ ಉಳಿದದ್ದು ಉಂಡೀರಾ, ಮಲಗತೀರಾ, ಗುಳಿಗಿ ತಗೊಂಡೀರಾ, ಇಷ್ಟೇ.

ಇದೇ ಕಾಲದಲ್ಲಿ ಅತ್ತೆ ಮನೆ ಬಿಟ್ಟು ಹೊರಗೆ ಹೋಗುವುದನ್ನೂ ನಿಲ್ಲಿಸಿದರು. ಮೊದಲು ಹುಣ್ಣಿಮೆಗೆ ತಪ್ಪದೆ ಸವದತ್ತಿಯ ಗುಡ್ಡಕ್ಕೆ ದೇವಿಯ ದರ್ಶನಕ್ಕೆ ಹೋಗುತ್ತಿದ್ದವರು ಬಸ್ಸು ಎಂದರೆ ಮುಖ ತಿರುಗಿಸತೊಡಗಿದರು. ಮದುವೆ, ಬಸುರಿಯರ ಕುಬಸ, ಯಾವುದಕ್ಕೂ ಇಲ್ಲ. ರಾಮದುರ್ಗದಲ್ಲಿರುವ ನಮ್ಮ ನಾದಿನಿ, ಅಂದರೆ ಅವರ ಒಬ್ಬಳೇ ಮಗಳು, ಹೊಸ ಮನೆ ಕಟ್ಟಿಸಿ ಕರೆಯಲು ಬಂದಳು. ಹೆತ್ತ ತಾಯಿ “ನಾ ಒಲ್ಲೆ” ಎಂದುಬಿಟ್ಟರು. ಯಾಕೆಂದು ಕೇಳಿದರೆ ಗೋಡೆ ನೋಡುತ್ತಾ ಕೂತರು. ನಾದಿನಿ ಅಳುತ್ತಾ ಹೋದಳು. ಅವಳ ಫೋನು ಬರುವುದು ಅಪರೂಪವಾಯಿತು. ಕಿವಿ ಕೇಳದ್ದಕ್ಕೆ ನಾಚಿಕೆ, ಹಟ ಬೇರೆ, ಎಂದು ನಾವೆಲ್ಲ ತೀರ್ಮಾನಿಸಿ ಸುಮ್ಮನಾದೆವು.

ಕಿವಿಗೆ ಮಷಿನ್ನು ತರದೆ ಬಿಟ್ಟಿದ್ದೆವು ಎಂದಲ್ಲ. ಬೆಳಗಾವಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಚರ್ಮದ ಬಣ್ಣದ ಮಷಿನ್ನು ಹಾಕಿಸಿಕೊಂಡು ಬಂದಿದ್ದೆವು. ಮನೆಗೆ ಬಂದವರೇ ಅದನ್ನು ತೆಗೆದು ಕಪಾಟಿನಲ್ಲಿಟ್ಟರು. “ಕಿವುಡಿ ಅಂತ ಮಾರೀಮ್ಯಾಲ ಬರಕೊಂಡ ಅಡ್ಡಾಡ್ಲೇನು?” ಎಂದರು. ಓಣಿಗೆಲ್ಲ ಅವರು ಕಿವುಡಿ ಎಂದು ಗೊತ್ತಿತ್ತು, ಮಷಿನ್ನಿನ ಮೇಲೆ ಮಾತ್ರ ಸಿಟ್ಟು.

ಹೀಗಿರುವಾಗ ಅಂಗಡಿಗೆ ಹೊಸ ಜಾತಿಯ ಇಯರ್‌ಬಡ್ಡು ಬಂದವು. ವೈರಿಲ್ಲದವು, ಬೆಳ್ಳಗೆ, ಕಿವಿಯಲ್ಲಿಟ್ಟುಕೊಳ್ಳುವ ಎರಡು ಗುಂಡಿ. ಹಾಡು ಕೇಳುವುದಕ್ಕೆ ಎಲ್ಲರೂ ಕೊಳ್ಳುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಇವುಗಳಲ್ಲಿ ಇನ್ನೊಂದು ಗುಣವಿತ್ತು. ಫೋನನ್ನು ಮಾತಾಡುವವರ ಹತ್ತಿರ ಇಟ್ಟರೆ ಅದು ಮೈಕಿನಂತೆ ಕೆಲಸ ಮಾಡಿ ಆ ಮಾತನ್ನು ನೇರವಾಗಿ ಕಿವಿಯ ಬಡ್ಡಿಗೆ ತಲುಪಿಸುತ್ತಿತ್ತು, ದನಿ ಹೆಚ್ಚಿಸಿ. ನಮ್ಮ ಮನೆಯವರು ಒಂದು ಜೊತೆ ನನಗೆ ತಂದುಕೊಟ್ಟು ಪರೀಕ್ಷೆ ಮಾಡಲು ಹೇಳಿದರು.

ನಾನು ಅವನ್ನು ಹಾಕಿಕೊಂಡು ಹಿಟ್ಟು ನಾದುತ್ತಿದ್ದೆ. ಅತ್ತೆ ಬಂದು ನನ್ನ ಕಿವಿಯನ್ನೇ ನೋಡುತ್ತಾ ನಿಂತರು.

“ಅದೇನ ಬೇ ಅದು? ಕಾಲೇಜ ಹುಡಿಗ್ಯಾರೆಲ್ಲಾ ಹಾಕ್ಕೊಂಡ ಅಡ್ಡಾಡತಾವಲ್ಲ, ಅದ ಏನು?”

ಹೌದೆಂದು ತಲೆಯಾಡಿಸಿದೆ. ಕೈ ಹಿಟ್ಟಾಗಿತ್ತು. ಅವರೇ ಒಂದನ್ನು ನನ್ನ ಕಿವಿಯಿಂದ ಕಿತ್ತು, ಬೆಳಕಿಗೆ ಹಿಡಿದು ನೋಡಿ, ತಮ್ಮ ಕಿವಿಯಲ್ಲಿಟ್ಟುಕೊಂಡರು. ಬೆಂಡೋಲೆ ತೊಟ್ಟು ನೋಡುವ ಹಾಗೆ ತಲೆಯನ್ನು ಒಂದು ಕಡೆ ಓರೆ ಮಾಡಿದರು. ನಾನು ಕೈ ತೊಳೆದು ಇನ್ನೊಂದನ್ನೂ ಹಾಕಿದೆ. ಫೋನಿನಲ್ಲಿ ಒತ್ತುವುದನ್ನು ಒತ್ತಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ರೂಢಿಯಂತೆ ಗಂಟಲು ತೆರೆದು, “ಕೇಳಸ್ತೈತೇನ್ರೀ ಅತ್ತೀ?” ಎಂದೆ.

ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. “ಯಪ್ಪಾ! ಒದರಬ್ಯಾಡ ಬೇ!”

ಬಹಳ ವರ್ಷಗಳಲ್ಲಿ ಆ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಅವರೇ ಇನ್ನೂ ಹೆಚ್ಚು ಗಾಬರಿಯಾದರು, ಯಾಕೆಂದರೆ ತಮ್ಮ ದನಿಯೂ ಫೋನಿನ ಮೂಲಕ ಸುತ್ತಿ ಬಂದು ಅವರ ಕಿವಿಗೆ ಬಡಿಯಿತು. ಒಂದು ಬಡ್ಡನ್ನು ತೆಗೆದು ನೋಡಿ ಮತ್ತೆ ಇಟ್ಟುಕೊಂಡರು. ಆಮೇಲೆ ಅನುಮಾನದಿಂದ, “ನಾ ದಿನಾ ಹಿಂಗ ಒದರತೇನೇನು?” ಎಂದು ಕೇಳಿದರು.

“ಸ್ವಲ್ಪ ಜೋರ ಆಗತೈತ್ರಿ” ಎಂದೆ ಮೆಲ್ಲಗೆ.

“ಸ್ವಲ್ಪ ಅಂತ. ಯಾರರ ಒಬ್ಬರು ಹೇಳಬಾರದಾ?”

ಅಂದಿನಿಂದ ಆ ಬಡ್ಡು ಅವರದಾದವು. ಪರೀಕ್ಷೆಗೆಂದು ಕೊಟ್ಟ ಜೊತೆ ಇನ್ನು ತಿರುಗಿ ಬರುವುದಿಲ್ಲ ಎಂದು ನಮ್ಮ ಮನೆಯವರಿಗೆ ಹೇಳಿದೆ. ಮಷಿನ್ನು ಹಾಕಿಕೊಂಡರೆ ಕಿವುಡಿ, ಇವನ್ನು ಹಾಕಿಕೊಂಡರೆ ಹರೆಯದ ಹುಡುಗಿ. ಆ ಲೆಕ್ಕ ಅತ್ತೆಗೆ ಬಹಳ ಹಿಡಿಸಿತು. ಕಟ್ಟೆಯ ಮೇಲೆ ಕೂತಾಗ ಯಾರೋ, “ಏನ ಆಯೀ, ಹಾಡ ಕೇಳಾಕತ್ತಿ?” ಎಂದು ಚೇಷ್ಟೆ ಮಾಡಿದರೆ ಇಲ್ಲವೆನ್ನುತ್ತಿರಲಿಲ್ಲ.

ತೊಂದರೆ ಬಂದದ್ದು ಸೆರಗಿನಿಂದ. ಅತ್ತೆ ತಲೆಯ ಮೇಲಿನ ಸೆರಗು ತೆಗೆದವರಲ್ಲ. ಬಡ್ಡಿಗೂ ಒಂದು ಸಣ್ಣ ಮೈಕು ಇರುತ್ತದೆ, ಸೆರಗಿನ ಅಂಚು ಅದಕ್ಕೆ ಸವರಿದರೆ ಒಳಗೆ ಗರಗರ ಎನ್ನುತ್ತದೆ. “ತಗಡಿನ ಮ್ಯಾಲ ಮಳಿ ಹೊಡದಂಗ ಆಗತೈತಿ” ಎಂದರು. ಸೆರಗು ಇಳಿಸಿರೆಂದರೆ ಪಡಸಾಲೆಯ ಕಡೆ ಕಣ್ಣು ತೋರಿಸಿದರು. ಅಲ್ಲಿ ಅವರ ಭಾವ, ಅಂದರೆ ನಮ್ಮ ದೊಡ್ಡ ಮಾವನವರು, ದಿನವೂ ಪೇಪರು ಹಿಡಿದು ಕೂತಿರುತ್ತಾರೆ. ಅವರೆದುರು ಬರಿ ತಲೆಯಲ್ಲಿ ಓಡಾಡುವುದು ಅತ್ತೆಯ ಜನ್ಮದಲ್ಲಿ ಆಗುವ ಮಾತಲ್ಲ. ಕಿವಿ ಬರಲಿ ಬಿಡಲಿ, ಸೆರಗು ಸೆರಗೇ. ಹೀಗಾಗಿ ಪಡಸಾಲೆಯಲ್ಲಿ ಅವರು ಮೊದಲಿನಂತೆ ಕಿವುಡಿ, ಅಡುಗೆಮನೆಯಲ್ಲಿ ಮಾತ್ರ ಎಲ್ಲ ಕೇಳಿಸುವವರು. ಒಳಗೆ ಬಂದವರೇ ಸೆರಗು ಹೆಗಲಿಗೆ ಜಾರಿಸಿ, ನನ್ನ ಫೋನನ್ನು ತಾವೇ ಎತ್ತಿ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು, “ಹೂಂ, ಹೇಳು” ಎನ್ನುತ್ತಿದ್ದರು.

ಏನು ಹೇಳುವುದು? ನನಗೆ ಮೊದಮೊದಲು ಏನೂ ತೋಚುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ಉಂಡೀರಾ ಮಲಗತೀರಾ ಬಿಟ್ಟರೆ ಬೇರೆ ಮಾತಿಲ್ಲ ಎಂಬುದು ಆಗ ಗೊತ್ತಾಯಿತು. ಅವರೇ ಶುರು ಮಾಡಿದರು. ತಮ್ಮ ಅತ್ತೆ ಹೇಗಿದ್ದರು, ಹೆರಿಗೆಯಾದ ಮೇಲೆ ಎಷ್ಟು ಬೇಗ ಹೊಲಕ್ಕೆ ಕಳಿಸಿದರು, ತಾವು ತಲೆಯ ಮೇಲೆ ಹತ್ತಿಯ ಗಂಟು ಹೊತ್ತು ಹೇಗೆ ನಡೆದರು. ಮೆಲ್ಲಗೆ ಮಾತಾಡುವುದು ಅವರಿಗೆ ಹೊಸ ಸೀರೆಯ ಹಾಗೆ ಆಗಿತ್ತು, ಉಟ್ಟು ಉಟ್ಟು ನೋಡುತ್ತಿದ್ದರು. ಕೆಲವೊಮ್ಮೆ ಎಷ್ಟು ತಗ್ಗಿಸುತ್ತಿದ್ದರೆಂದರೆ ಈಗ ನನಗೇ ಕೇಳಿಸುತ್ತಿರಲಿಲ್ಲ.

ನಮ್ಮ ಮನೆಯಿಂದ ದನಿ ಬರದಿದ್ದದ್ದು ಓಣಿಗೆ ಒಗ್ಗಲಿಲ್ಲ. ಎದುರು ಮನೆಯಾಕೆ ಒಂದು ದಿನ ಹಾಲು ಕೊಡುವ ನೆವದಲ್ಲಿ ಬಂದು, “ಯಾಕ್ರೀ, ಅತ್ತಿ ಸೊಸಿ ಮಾತ ಬಿಟ್ಟೀರೇನು?” ಎಂದು ಕೇಳಿದಳು. ಮಾತು ಈಗ ಶುರುವಾಗಿದೆ ಎಂದು ಹೇಳಿದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ನಕ್ಕು ಕಳಿಸಿದೆ.

ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಪಕ್ಕದಲ್ಲಿ ಕೂತು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಫೋನು ಎಂದಿನಂತೆ ಹಿಟ್ಟಿನ ಡಬ್ಬಿಗೆ ಒರಗಿತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, “ಇದ್ರಾಗ ಮಾತಾಡಿದ್ದು ಅಂಗಡಿಗಿ ಹೋಗತೈತೇನು?” ಎಂದರು.

“ಇಲ್ರಿ. ನಿಮ್ಮ ಕಿವಿಗಿ ಅಷ್ಟ.”

“ಖರೇನ?”

“ಖರೇನ್ರಿ.”

ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ, ನನ್ನ ಮುಖ ನೋಡದೆ, ಹೇಳಿದರು. ಒಳಗಿನಿಂದ ಕೆಳಗೆ ಜಾರಿ ಬರುತ್ತದೆ. ಕೂತರೆ ಒಳಗೆ ಹೋಗುತ್ತದೆ, ನಿಂತರೆ, ಕೆಮ್ಮಿದರೆ, ಕೊಡ ಎತ್ತಿದರೆ ಮತ್ತೆ ಜಾರುತ್ತದೆ. ಈಚೆಗೆ ಒಂದಕ್ಕೆ ತಡೆಯಲು ಆಗುವುದಿಲ್ಲ. ಬಸ್ಸು ಒಂದು ಗುಂಡಿಯಲ್ಲಿ ಜಿಗಿದರೆ ಸಾಕು, ಸೀರೆ ಹಸಿಯಾಗುತ್ತದೆ. ಒಮ್ಮೆ ಗುಡ್ಡಕ್ಕೆ ಹೋಗುವಾಗ ಹಾಗೇ ಆಯಿತು, ಪಕ್ಕದಲ್ಲಿ ಕೂತವಳು ಮೂಗು ಮುಚ್ಚಿಕೊಂಡು ಎದ್ದು ಹೋದಳು. ಅಂದಿನಿಂದ ಬಸ್ಸು ಬಿಟ್ಟರು. ಮಗಳ ಹೊಸ ಮನೆಯಲ್ಲಿ, ಬೀಗರೆಲ್ಲ ಸೇರಿದಲ್ಲಿ, ಹೊಸ ಜಮಖಾನದ ಮೇಲೆ ಕೂತಾಗ ಹಾಗಾಗಿದ್ದರೆ?

ಹಂಚಿನ ಮೇಲಿನ ರೊಟ್ಟಿ ಸುಟ್ಟು ವಾಸನೆ ಬಂತು. ನಾನು ತಿರುವಿ ಹಾಕಲಿಲ್ಲ.

“ಯಾಕ ಹೇಳಲಿಲ್ರೀ?” ಎಂದೆ.

“ಹೆಂಗ ಹೇಳ್ಲಿ ಬೇ? ನಾ ಏನರ ಒಂದ ಅಂದ್ರ ನೀವ ತಿರುಗಿ ಕೇಳ್ತೀರಿ. ಒದರಿ ಕೇಳ್ತೀರಿ. ಇದು ಒದರಿ ಹೇಳುವಂಥ ಮಾತೇನು?”

ನನಗೆ ಸಿಟ್ಟು ಬಂತು. ಅತ್ತೆಯ ಮೇಲಲ್ಲ. ಯಾರ ಮೇಲೆ ಎಂದು ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ಹಟ ಎಂದು ನಾವು ತೀರ್ಮಾನಿಸಿದ್ದು, ನಾದಿನಿ ಅತ್ತದ್ದು, ಅವರು ಉತ್ತರ ಕೊಡದೆ ಗೋಡೆ ನೋಡುತ್ತಾ ಕೂತದ್ದು, ಎಲ್ಲ ಒಟ್ಟಿಗೆ ನೆನಪಾದವು. ಸುಟ್ಟ ರೊಟ್ಟಿಯನ್ನು ಕಿತ್ತು ಆಚೆ ಒಗೆದೆ. ಅತ್ತೆ ಅದನ್ನು ಎತ್ತಿ, ಕರಿ ಕೆರೆದು, ಬುಟ್ಟಿಗೆ ಹಾಕಿದರು.

ಡಾಕ್ಟರಿಗೆ ತೋರಿಸಲೇಬೇಕೆಂದೆ. ಬೈಲಹೊಂಗಲದಲ್ಲಿ ಬೇಡವೆಂದರು, ಇಲ್ಲಿ ದವಾಖಾನೆಯ ಬೆಂಚಿನ ಮೇಲೆ ಗುರುತಿನವರೇ ಇರುತ್ತಾರೆ. ಸವದತ್ತಿಯಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದಾರೆಂದು ಕೇಳಿದ್ದೆ. ಮನೆಯಲ್ಲಿ ಮೊಣಕಾಲು ನೋವು ಎಂದು ಹೇಳುವುದಾಯಿತು. ನಮ್ಮ ಮನೆಯವರು ತಕ್ಷಣ, “ಅದಕ್ಯಾಕ ಸವದತ್ತಿ? ಅಂಗಡ್ಯಾಗ ಮಷಿನ್ ಐತಲ್ಲ, ತಿಕ್ಕೂದು” ಎಂದರು. ಅದು ನನ್ನ ಮೊಣಕಾಲಿನ ಚರ್ಮ ಸುಲಿದದ್ದನ್ನು ನೆನಪಿಸಬೇಕಾಯಿತು.

ನಾನು ಹಾಕಿದ ಉಪಾಯ ಸರಳವಾಗಿತ್ತು. ಅತ್ತೆ ಬಡ್ಡು ಹಾಕಿಕೊಂಡು ಕೂರುವುದು, ಫೋನು ಡಾಕ್ಟರ ಮೇಜಿನ ಮೇಲೆ. ಅವರು ಮೆಲ್ಲಗೆ ಕೇಳುತ್ತಾರೆ, ಇವರು ಮೆಲ್ಲಗೆ ಹೇಳುತ್ತಾರೆ. ಮೂರನೆಯವರಿಗೆ ತಿಳಿಯುವ ಮಾತೇ ಇಲ್ಲ. ಅಡುಗೆಮನೆಯಲ್ಲಿ ತಾಲೀಮು ಕೂಡ ಮಾಡಿದೆವು. ನಾನು ಡಾಕ್ಟರಾಗಿ, “ಏನ ತ್ರಾಸರೀ ಅಮ್ಮಾ?” ಎಂದರೆ ಅತ್ತೆ ಗಂಭೀರವಾಗಿ, “ಎಲ್ಲಾ ತ್ರಾಸ ಐತ್ರಿ” ಎಂದು ತಾವೇ ನಕ್ಕುಬಿಡುತ್ತಿದ್ದರು. ಆ ನಗು ನನಗೆ ಬಹಳ ಸಮಾಧಾನ ಕೊಟ್ಟಿತು.

ಹೋಗುವ ದಿನ ಅತ್ತೆ ಬೆಳಗಿನಿಂದ ಒಂದು ಗುಟುಕು ನೀರು ಕುಡಿಯಲಿಲ್ಲ. ಹಳೆಯ ಸೀರೆಯ ತುಂಡನ್ನು ಮಡಚಿ ಒಳಗೆ ಕಟ್ಟಿಕೊಂಡಿದ್ದರು. ನಮ್ಮ ಮನೆಯವರು ಕಾರು ನಡೆಸಿದರು. ದಾರಿಯಲ್ಲಿ ಅತ್ತೆ ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಂಡೇ ಕೂತಿದ್ದರು, ರಸ್ತೆಯ ಪ್ರತಿ ತಗ್ಗಿಗೂ ಕಣ್ಣು ಮುಚ್ಚುತ್ತಿದ್ದರು. ಒಮ್ಮೆ ಕಬ್ಬಿನ ಗದ್ದೆಯ ಹತ್ತಿರ ಕಾರು ನಿಲ್ಲಿಸಿ ಎಂದು ನಾನೇ ಹೇಳಿದೆ. ಹೊರಗೆ ಇಳಿದವರು ನಾವಿಬ್ಬರೇ. ಇಳಿದ ಕಾರಣವನ್ನು ಯಾರೂ ಯಾರಿಗೂ ಹೇಳಲಿಲ್ಲ. ದವಾಖಾನೆಯ ಮುಂದೆ ನಮ್ಮನ್ನು ಬಿಟ್ಟು ನಮ್ಮ ಮನೆಯವರು ಪರಿಚಯದ ಅಂಗಡಿಯೊಂದರ ಕಡೆ ಹೋದರು. ಅಲ್ಲಿ ಹೊಸದೇನು ಬಂದಿದೆ ಎಂದು ನೋಡದಿದ್ದರೆ ಅವರಿಗೆ ಆ ದಿನ ಊಟ ಸೇರುವುದಿಲ್ಲ.

ದವಾಖಾನೆ ಎಂದರೆ ಎರಡು ಕೋಣೆ. ಹೊರಗಿನದರಲ್ಲಿ ಎದುರುಬದುರು ಬೆಂಚು, ತುಂಬ ಜನ. ಒಳಗಿನದರಲ್ಲಿ ಡಾಕ್ಟರು. ನಡುವೆ ಬಾಗಿಲಿಲ್ಲ, ಹಸಿರು ಪರದೆ. ಆ ಪರದೆಯನ್ನು ನೋಡಿ, ಬಡ್ಡು ತಂದದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡೆ.

“ಕಿವಿದು ತಗೀರಿ ಅತ್ತಿ” ಎಂದು ಸನ್ನೆ ಮಾಡಿದೆ.

ಅತ್ತೆ ಸೊಂಟಕ್ಕೆ ಕೈ ಹಾಕಿ ಚಂಚಿ ತೆಗೆದರು. ಚಂಚಿ ಎಂದರೆ ನಮ್ಮ ಕಡೆಯ ಮುದುಕಿಯರು ಎಲೆ ಅಡಿಕೆ ಇಟ್ಟುಕೊಳ್ಳುವ, ಒಳಗೆ ನಾಲ್ಕಾರು ಕಿಸೆಗಳಿರುವ ಬಟ್ಟೆಯ ಚೀಲ. ನೋಟು, ಬೀಗದ ಕೈ, ತವರಿನ ಬೆಳ್ಳಿಯ ಉಂಗುರ, ಜೀವದಷ್ಟು ಮುಖ್ಯವಾದದ್ದೆಲ್ಲ ಅದರಲ್ಲೇ ಇರುತ್ತದೆ. ಬಡ್ಡೂ ಮುಖ್ಯವಾದದ್ದೇ. ಆದ್ದರಿಂದ ಹಿಂದಿನ ದಿನವೇ ಅವನ್ನು ಜಾರುವ ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು, ಭದ್ರವಾಗಿ, ಅಡಿಕೆಯ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಆ ಡಬ್ಬಿಯೇ ಅವಕ್ಕೆ ಚಾರ್ಜು ಕೊಡುವುದು ಎಂದು ನಾನು ಹೇಳಿದ್ದೆನೋ ಇಲ್ಲವೋ. ಪಕ್ಕದ ಕಿಸೆಯ ಸುಣ್ಣದ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಹೊರಗೆ ಬಂದ ಬಡ್ಡುಗಳ ಮೈಗೆ ಸುಣ್ಣ ಮೆತ್ತಿ, ಅದರ ಮೇಲೆ ಅಡಿಕೆಯ ಪುಡಿ ಹತ್ತಿ, ಎರಡೂ ಎಲೆಯ ಜೊತೆ ಬಾಯಿಗೆ ಹಾಕಿಕೊಳ್ಳಲು ಸಿದ್ಧವಾದಂತಿದ್ದವು.

“ಸುಣ್ಣ ಹತ್ತೈತಿ ಅಷ್ಟ. ಒರಸು” ಎಂದರು ಅತ್ತೆ.

ಸೆರಗಿನ ಪಿನ್ನು ತೆಗೆದು ಆ ಸಣ್ಣ ಜಾಲರಿಯನ್ನು ಕೆರೆದೆ. ಒಣಗಿದ ಸುಣ್ಣ ಗಾರೆಯಂತೆ ಕೂತಿತ್ತು. ಫೋನಿನಲ್ಲಿ ಎಷ್ಟು ಒತ್ತಿದರೂ ಅವುಗಳ ಹೆಸರು ಬರಲಿಲ್ಲ. ಜೀವವಿರಲಿಲ್ಲ. ಅಷ್ಟರಲ್ಲಿ ನರ್ಸು ನಮ್ಮನ್ನು ಕರೆದಳು. ಅತ್ತೆ ನನ್ನ ಮುಖ ನೋಡಿದರು, ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಎದ್ದು ಹೊರಗಿನ ಬಾಗಿಲ ಕಡೆ ಹೋಗುತ್ತಾರೆಂದೇ ತಿಳಿದೆ. ಇಷ್ಟು ದೂರ ನೀರಿಲ್ಲದೆ ಬಂದವರು, ಏನು ಅನಿಸಿತೋ, ಪರದೆಯ ಒಳಗೆ ನಡೆದರು.

ಡಾಕ್ಟರು ಒಳ್ಳೆಯವರು. ಮೆಲ್ಲಗೇ ಕೇಳಿದರು. ಅತ್ತೆ, “ಹಾಂ?” ಎಂದರು. ನಾನು ಅವರ ಪರವಾಗಿ ಹೇಳಲು ಬಾಯಿ ತೆರೆದೆ, ಡಾಕ್ಟರು ಕೈ ಅಡ್ಡ ಹಿಡಿದರು. “ತ್ರಾಸ ಅವರದೈತಲ್ರೀ, ಅವರ ಹೇಳ್ಲಿ.” ಮತ್ತೆ ಕೇಳಿದರು. ಮತ್ತೆ, “ಹಾಂ?” ಆಮೇಲೆ ಡಾಕ್ಟರು ಎಲ್ಲರೂ ಮಾಡುವುದನ್ನೇ ಮಾಡಿದರು.

“ಕೆಮ್ಮಿದ್ರ ಒಂದಕ್ಕ ಬರತೈತೇನ್ರೀ?”

ಪರದೆಯ ಆಚೆ ಯಾರೋ ಮಾತಾಡುತ್ತಿದ್ದದ್ದು ನಿಂತಿತು.

“ನಿಂತಾಗ ಗರ್ಭಚೀಲ ಕೆಳಗ ಜಾರತೈತೇನ್ರೀ?”

ಆಚೆ ಈಗ ಕೆಮ್ಮೂ ಇಲ್ಲ. ಅತ್ತೆಗೆ ಈ ಸಲ ಕೇಳಿಸಿತು. ಪರದೆಯ ಕಡೆ ಒಮ್ಮೆ ನೋಡಿದರು.  ಹೊಸದಾಗಿ ಕಲಿತ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟರು, ಡಾಕ್ಟರು ಮುಂದೆ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. ಹೀಗೆ ಕೊನೆಯವರೆಗೂ ಪ್ರಶ್ನೆಗಳೆಲ್ಲ ಊರಿಗೆ, ಉತ್ತರಗಳು ಮಾತ್ರ ಡಾಕ್ಟರಿಗೆ. ಪರೀಕ್ಷೆ ಮಾಡಿ, ಇದಕ್ಕೆ ಉಪಾಯವಿದೆ, ಸದ್ಯ ಜಾರದಂತೆ ಒಳಗೆ ಒಂದು ರಿಂಗು ಕೂಡಿಸಬಹುದು, ಆಪರೇಶನ್ನೂ ಮಾಡಬಹುದು, ಹೆದರುವಂಥದ್ದಲ್ಲ ಎಂದು ಅವರು ಧೈರ್ಯ ಹೇಳಿದರು. ಆ ಧೈರ್ಯವೂ ಬೀದಿಯವರೆಗೆ ಕೇಳಿಸಿತು. ಮೂತ್ರ ಪರೀಕ್ಷೆಗೆ ಕೊಟ್ಟು ಹೊರಗೆ ಕೂತಿರಲು ಹೇಳಿದರು.

ಹೊರಗೆ ಬಂದಾಗ ಬೆಂಚಿನಲ್ಲಿದ್ದವರೆಲ್ಲ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ನಮಗೆ ಜಾಗ ಬಿಟ್ಟರು, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ. ಅತ್ತೆ ಕೂತು ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ಅದರೊಳಗಿಂದ ನನಗೊಬ್ಬಳಿಗೇ ಕೇಳುವಂತೆ, “ಇನ್ನ ನಾ ಹೊಸಲಿ ದಾಟಂಗಿಲ್ಲ. ಯಾವ ಡಾಕ್ಟರ್ ಬ್ಯಾಡ, ಯಾವ ರಿಂಗ ಬ್ಯಾಡ. ಮನಿಗಿ ನಡಿ” ಎಂದರು.

ಆ ಮಾತನ್ನು ಅವರು ನಡೆಸುತ್ತಾರೆ ಎಂದು ನನಗೆ ಗೊತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಅವರ ಕೈ ಹಿಡಿದೆ, ಬಿಡಿಸಿಕೊಂಡರು. ಅಡುಗೆಮನೆಯ ಆ ಮಾತುಗಳೂ ಇಲ್ಲಿಗೇ ಮುಗಿದವು ಅನಿಸಿತು.

ಬೆಂಚಿನ ಆ ತುದಿಯಲ್ಲಿ ಅತ್ತೆಯ ವಯಸ್ಸಿನ ಒಬ್ಬಾಕೆ ಕೂತಿದ್ದರು. ಇಲಕಲ್ ಸೀರೆ, ಕೈತುಂಬ ಹಸಿರು ಬಳೆ. ಎದುರಿನ ಬೆಂಚಿನಲ್ಲಿ ಅವರ ಮಗ, ಮೀಸೆ ಹೊತ್ತ ಆಳು, ಫೋನಿನಲ್ಲಿ ತಲೆ ಹುದುಗಿಸಿದ್ದ. ಆ ತಾಯಿ ನಮಗಾಗಿ ಬಿಟ್ಟ ಖಾಲಿ ಜಾಗದ ಮೇಲೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಬಂದು ಅತ್ತೆಯ ಪಕ್ಕಕ್ಕೆ ತಾಗಿ ಕೂತರು. ಬಗ್ಗಿ ಮೆಲ್ಲಗೆ, “ನಂಗೂ ಅದ ಐತ್ರಿ” ಎಂದರು.

ಅತ್ತೆ ಸೆರಗಿನೊಳಗಿಂದ ತಿರುಗಿದರು. “ಹಾಂ?”

“ನಂಗೂ ಹಂಗ ಆಗತೈತ್ರಿ.”

“ಏನಂದ್ರಿ?”

ಆಕೆ ನನ್ನ ಮುಖ ನೋಡಿದರು. ನಾನು ಕಿವಿ ಮುಟ್ಟಿ ತೋರಿಸಿದೆ. ಆಕೆ ಬೆಂಚಿನಲ್ಲಿದ್ದವರನ್ನು ನೋಡಿದರು, ಮಗನನ್ನು ನೋಡಿದರು. ಸುಮ್ಮನಾಗಿಬಿಡಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಉಸಿರು ಎಳೆದುಕೊಂಡು, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ ಹೇಳಿದರು:

“ನಂಗೂ ಕೆಳಗ ಜಾರತೈತಿ ಅಂತೇನ್ರೀ! ಇಂವಾ ಹುಟ್ಟಿದಾಗಿಂದ!”

ಮಗ ತಲೆಯೆತ್ತಿದ. ಅವನ ಬೆರಳು ಫೋನಿನ ಮೇಲೆ ಹಾಗೇ ನಿಂತಿತ್ತು. ಅವನಿಗೆ ಹೇಳಿದ್ದು ಬೆನ್ನು ನೋವು ಎಂದಂತೆ, ಆಮೇಲೆ ಗೊತ್ತಾಯಿತು. ಅವರು ರಾಮದುರ್ಗದ ಕಡೆಯ ಸಾಲಹಳ್ಳಿಯವರು. ರಾಮದುರ್ಗದಲ್ಲಿ ಎಲ್ಲ ಗುರುತಿನವರೆಂದು ಇಷ್ಟು ದೂರ ಬಂದಿದ್ದರು.

ಅತ್ತೆ ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದರು. ಅವನನ್ನು ಮೇಲಿಂದ ಕೆಳಗೆ, ಆ ಮೀಸೆಯಿಂದ ಚಪ್ಪಲಿಯವರೆಗೆ, ನೋಡಿದರು. ವರ್ಷ ಲೆಕ್ಕ ಹಾಕುತ್ತಿದ್ದರು ಎಂದು ಕಾಣುತ್ತದೆ. ಆಮೇಲೆ ತಮ್ಮ ಹಳೆಯ ದನಿಯಲ್ಲೇ, ತಗ್ಗಿಸುವ ನೆನಪೇ ಇಲ್ಲದೆ, ಕೇಳಿದರು.

“ನಂದೇನೋ ಕಿವಿ ಮಂದ ಯವ್ವಾ, ಹೇಳಾಕ ಆಗಲಿಲ್ಲ. ನಿಮ್ಮ ಕಿವಿ ಚಲೋ ಅದಾವಲ್ಲ! ನೀವ್ಯಾಕ ಹೇಳಲಿಲ್ಲ?”

“ಕಿವಿ ಚಲೋ ಅದಾವ್ರೀ!” ಎಂದು ಆಕೆಯೂ ಒದರಿದರು. “ಹೇಳಾಕ ಯಾರರ ಇರಬೇಕಲ್ರೀ!”

ಯಾರೂ ಕ್ಯಾಲೆಂಡರು ನೋಡುತ್ತಿರಲಿಲ್ಲ. ಇಷ್ಟು ದಿನ ನಾನು ಎಲ್ಲಕ್ಕೂ ಅತ್ತೆಯ ಕಿವಿಯೇ ಕಾರಣ, ಆ ಬಿಳಿ ಗುಂಡಿಗಳೇ ಔಷಧ ಎಂದು ಭಾವಿಸಿದ್ದೆ. ನನ್ನ ಕಿವಿಯೂ ಚಲೋ ಇದೆ, ಹತ್ತಿರ ಕೂತು ಒಮ್ಮೆಯೂ ಕೇಳಿರಲಿಲ್ಲ.

ನರ್ಸು ಪರದೆ ಸರಿಸಿ ಮುಂದಿನವರನ್ನು ಕರೆದಳು. ಸಾಲಹಳ್ಳಿಯಾಕೆಯ ಪಾಳಿಯೇ ಬಂದಿತ್ತು. ಮಗ ಎದ್ದು ನಿಂತು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, “ಯವ್ವಾ, ನಾ ಬರ್ಲೇನು ಒಳಗ?” ಎಂದ.

“ನೀ ಕುಂಡ್ರು” ಎಂದರು ಆಕೆ. ಆಮೇಲೆ ಅತ್ತೆಯ ಮೊಣಕೈ ಹಿಡಿದು ಒಮ್ಮೆ ಜಗ್ಗಿದರು. ಆ ಸನ್ನೆಗೆ ಕಿವಿ ಬೇಕಾಗಿರಲಿಲ್ಲ.

ಅತ್ತೆ ನನ್ನನ್ನು ಕೇಳಲಿಲ್ಲ. ಎದ್ದು, ಸೀರೆ ಸರಿಮಾಡಿಕೊಂಡು, ಆಕೆಯ ಹಿಂದೆ ಪರದೆಯ ಒಳಗೆ ಹೋದರು. ಈ ಸಲ ಡಾಕ್ಟರು ಮೆಲ್ಲಗೆ ಮಾತಾಡುತ್ತಿದ್ದರು, ಹೊರಗೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಒಳಗೆ ಅತ್ತೆಗೂ ಒಂದು ಅಕ್ಷರ ಕೇಳಿಸುತ್ತಿರಲಿಲ್ಲ. ಆದರೂ ಆಕೆಯ ಪರೀಕ್ಷೆ ಮುಗಿಯುವವರೆಗೂ ಅವರು ಹೊರಗೆ ಬರಲಿಲ್ಲ.